ಕೊನೆಯ ನ್ಯೂಟ್ರಿಯಾವರೆಗೆ

ನ್ಯೂಟ್ರಿಯಾ ಅಥವಾ ಕೊಯ್ಪು ಎಂಬುದು ದಕ್ಷಿಣ ಅಮೆರಿಕದ ನದಿ, ಕೆರೆ, ಜೌಗುಗಳ ಅಂಚಿನಲ್ಲಿ ಬಾಳುವ ದಂಶಕ. ದಂಶಕಗಳೆಂದರೆ ಇಲಿ, ಅಳಿಲು, ಮುಳ್ಳುಹಂದಿಗಳಂತೆ ಬದುಕಿನುದ್ದಕ್ಕೂ ಬೆಳೆಯುತ್ತಲೇ ಇರುವ ಬಾಚಿಹಲ್ಲುಗಳಿಂದ ಆಹಾರವನ್ನು ಕಡಿದು ತಿನ್ನುವ ಪ್ರಾಣಿಗಳು. ನ್ಯೂಟ್ರಿಯಾದ ಮೃದುವಾದ ತುಪ್ಪಳದ ಆಸೆಯಿಂದ ಇಂಗ್ಲೆಂಡಿನವರು 1929ರಲ್ಲಿಯೂ ಅಮೆರಿಕದ ಲೂಯಿಸಿಯಾನದವರು 1930ರ ದಶಕದಲ್ಲಿಯೂ ಅದನ್ನು ತರಿಸಿ ಸಾಕತೊಡಗಿದರು. ಸಾಕಣೆಯ ಆವರಣಗಳಿಂದ ಹೊರಬಿದ್ದ ಪ್ರಾಣಿಗಳು ಕೆಲವೇ ದಶಕಗಳಲ್ಲಿ ಅಲ್ಲಿನ ಜೌಗುಗಳನ್ನು ತುಂಬಿಕೊಂಡವು.

ಈ ಪ್ರಾಣಿ ಎಲೆ, ಕಾಂಡಗಳನ್ನಷ್ಟೇ ಮೇಯುತ್ತಿದ್ದರೆ ಜೊಂಡು ಮತ್ತೆ ಚಿಗುರುತ್ತಿತ್ತು. ಆದರೆ ಅದು ಮಣ್ಣನ್ನು ಬಗೆದು ಬೇರು, ಗಡ್ಡೆಗಳನ್ನೇ ತಿನ್ನುತ್ತದೆ. ಕರಾವಳಿಯ ಜೌಗಿನಲ್ಲಿ ನೆಲವನ್ನು ಹಿಡಿದಿಡುವುದು ಬೇರುಗಳ ಹೆಣಿಗೆಯೇ. ಅದು ಬಿಚ್ಚಿದೊಡನೆ ಸಡಿಲವಾದ ಕೆಸರನ್ನು ಅಲೆಗಳೂ ಉಬ್ಬರವಿಳಿತಗಳೂ ಕೊಚ್ಚಿಕೊಂಡು ಹೋಗಿ, ಹುಲ್ಲು ಬೆಳೆಯುತ್ತಿದ್ದ ಜಾಗ ಬರಿಯ ನೀರಾಗುತ್ತದೆ, ಆಮೇಲೆ ಪ್ರಾಣಿಯನ್ನು ತೆಗೆದರೂ ಆ ಆಳದಲ್ಲಿ ಗಿಡ ಬೇರೂರಲಾರದು. ಅಮೆರಿಕದ ಮೇರಿಲ್ಯಾಂಡಿನ ಬ್ಲ್ಯಾಕ್‌ವಾಟರ್ ವನ್ಯಜೀವಿ ಧಾಮ ಸಾವಿರಾರು ಎಕರೆ ಜೌಗನ್ನು ಕಳೆದುಕೊಂಡದ್ದು ಹೀಗೆ. ಕುಸಿಯುತ್ತಿರುವ ನೆಲ, ಏರುತ್ತಿರುವ ಸಮುದ್ರಮಟ್ಟಗಳೂ ಅಲ್ಲಿ ಕಾರಣಗಳೇ, ಆದರೆ ನ್ಯೂಟ್ರಿಯಾ ಆ ನಾಶವನ್ನು ಬಹಳ ಬೇಗ ತಂದಿತು.

ಇಂಥ ಪ್ರಾಣಿಯ ವಿಷಯದಲ್ಲಿ ಸರ್ಕಾರಗಳ ಮುಂದೆ ಎರಡು ನೀತಿಗಳಿವೆ: ಸಂಖ್ಯೆಯನ್ನು ತಾಳಬಹುದಾದ ಮಟ್ಟದಲ್ಲಿಡುವ ನಿಯಂತ್ರಣ, ಒಂದನ್ನೂ ಉಳಿಸದ ನಿರ್ಮೂಲನೆ. ವಿಶಾಲ ಕರಾವಳಿಯ ಲೂಯಿಸಿಯಾನ ಮೊದಲನೆಯದನ್ನು ಆರಿಸಿಕೊಂಡು, 2002ರಿಂದ ನೋಂದಾಯಿತ ಬೇಟೆಗಾರರು ತಂದೊಪ್ಪಿಸುವ ಪ್ರತಿ ಬಾಲಕ್ಕೆ ಹಣ ಕೊಡುತ್ತ ಬಂದಿದೆ. 4 ಡಾಲರಿನಿಂದ ಆರಂಭವಾದ ದರ ಅನಂತರ 6 ಡಾಲರಿಗೇರಿತು, ವರ್ಷದ ಗುರಿ 4 ಲಕ್ಷ ಪ್ರಾಣಿಗಳು. ಹಾನಿಯ ವಿಸ್ತೀರ್ಣ ಇದರಿಂದ ತಗ್ಗಿದೆ ಎಂಬುದು ಗೌರವಿಸಬೇಕಾದ ಸಾಧನೆ. ಆದರೆ ಪ್ರಾಣಿಗಳು ವಿರಳವಾದಂತೆ ಒಂದೊಂದು ಬಾಲಕ್ಕೂ ತಗಲುವ ಶ್ರಮ ಹೆಚ್ಚುವುದರಿಂದ ಬೇಟೆಗಾರನಿಗೆ ಆ ಜಾಗ ಲಾಭದ್ದಾಗಿ ಉಳಿಯುವುದಿಲ್ಲ. ಉಳಿದವು ವರ್ಷಕ್ಕೆ ಎರಡು ಮೂರು ಸಲ ಮರಿ ಹಾಕಿ ಮತ್ತೆ ಹೆಚ್ಚುತ್ತವೆ. ಪ್ರಾಣಿಯ ಇರವಿನಿಂದಲೇ ಆದಾಯ ಹುಟ್ಟುವ ವ್ಯವಸ್ಥೆ ಅದರ ಅಳಿವನ್ನು ತರಲಾರದು.

ಎರಡನೆಯ ನೀತಿಯನ್ನು ಆರಿಸಿಕೊಂಡ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ಪ್ರಾಂತದಲ್ಲಿ 1962–63ರ ಕಡುಚಳಿ ಮತ್ತು ಆ ಕಾಲದ ಬೇಟೆಗಳು ಕೊಯ್ಪುಗಳನ್ನು ತೀರ ಕಡಿಮೆ ಮಾಡಿದ್ದರೂ ಅವು ಮತ್ತೆ ಹಬ್ಬಿದ್ದವು. 1981ರಲ್ಲಿ 24 ಮಂದಿ ಸಂಬಳದ ಬೋನುಗಾರರನ್ನು ನೇಮಿಸಿ, ಹತ್ತು ವರ್ಷಗಳ ಗಡುವು ಹಾಕಿ, ಅದಕ್ಕೆ ಮೊದಲೇ ಪ್ರಾಣಿ ಇಲ್ಲವಾದರೆ ದೊಡ್ಡ ಮೊತ್ತದ ಬಹುಮಾನ ಕೊಡುವುದಾಗಿ ಒಪ್ಪಲಾಯಿತು. ಕೆಲಸ ಮುಗಿದರೆ ಉದ್ಯೋಗವೂ ಮುಗಿಯುತ್ತದೆಂಬ ಸಹಜವಾದ ಅಳುಕಿಗೆ ಇದಕ್ಕಿಂತ ನ್ಯಾಯವಾದ ಉತ್ತರ ಇರಲಾರದು. ಬೋನಿನಲ್ಲಿ ಜೀವಂತವಾಗಿ ಹಿಡಿಯುತ್ತಿದ್ದುದರಿಂದ ತಪ್ಪಿ ಸಿಕ್ಕ ಇತರ ಜೀವಿಗಳನ್ನು ಬಿಟ್ಟುಬಿಡಬಹುದಾಗಿತ್ತು. 1989ರಲ್ಲಿ ನಿರ್ಮೂಲನೆಯ ಘೋಷಣೆ ಹೊರಬಿತ್ತು.

ಮೇರಿಲ್ಯಾಂಡಿನ ಚೆಸಪೀಕ್ ಕೊಲ್ಲಿಯಲ್ಲಿ 2002ರಿಂದ ನಡೆದ ಯೋಜನೆ ಸುಮಾರು 14,000 ಪ್ರಾಣಿಗಳನ್ನು ತೆಗೆಯಿತು. ಅಲ್ಲಿ ಸಂತಾನಹರಣ ಮಾಡಿ, ರೇಡಿಯೋ ಕಾಲರ್ ತೊಡಿಸಿ ಬಿಟ್ಟ ನ್ಯೂಟ್ರಿಯಾಗಳು ಸಂಗಾತಿಗಳನ್ನು ಹುಡುಕಿಹೋಗಿ ಅಡಗಿದ್ದವುಗಳ ನೆಲೆ ತೋರಿಸಿದವು. ಹಿಕ್ಕೆಯ ವಾಸನೆ ಹಿಡಿಯಲು ನಾಯಿಗಳನ್ನು ಪಳಗಿಸಲಾಯಿತು. ಗೊತ್ತಿರುವ ಕೊನೆಯ ಪ್ರಾಣಿ ಸಿಕ್ಕಿದ್ದು 2015ರಲ್ಲಿ, ನಿರ್ಮೂಲನೆಯನ್ನು ಘೋಷಿಸಿದ್ದು 2022ರಲ್ಲಿ. ಒಂದೂ ಸಿಗದ ಆ ಏಳು ವರ್ಷಗಳ ಹುಡುಕಾಟಕ್ಕೆ ಸಂದ ಹಣ ವ್ಯರ್ಥವೆನ್ನುವವರು ಕ್ಯಾಲಿಫೋರ್ನಿಯಾವನ್ನು ನೋಡಬೇಕು: ದಶಕಗಳ ಹಿಂದೆಯೇ ಅಳಿದುಹೋಗಿದೆಯೆಂದು ಎಣಿಸಿದ್ದ ನ್ಯೂಟ್ರಿಯಾ 2017ರಲ್ಲಿ ಅಲ್ಲಿನ ಮರ್ಸೆಡ್ ಕೌಂಟಿಯಲ್ಲಿ ಮತ್ತೆ ಕಾಣಿಸಿಕೊಂಡದ್ದರಿಂದ ಇಡೀ ಕಾರ್ಯಾಚರಣೆಯನ್ನು ಹೊಸದಾಗಿ ಆರಂಭಿಸಬೇಕಾಯಿತು.