ಒಂದು ಪರಮಾಣುವಿನ ಹಿಂದೆ ಬಿದ್ದವರು



ಕ್ವಾಂಟಂ ಎಂಬ ಪದ ಈಗ ಎಲ್ಲರ ಬಾಯಲ್ಲೂ ಇದೆ. ಆದರೆ ಆ ಕಂಪ್ಯೂಟರನ್ನು ಯಾವುದರಿಂದ ಮಾಡುತ್ತಾರೆ, ಕಟ್ಟಲು ಎಷ್ಟು ವರ್ಷ ಬೆವರು ಸುರಿಸಬೇಕು ಎಂದು ಕೇಳಿ ನೋಡಿ. ಭಾಷಣ ಬಿಗಿದವರೇ ತಬ್ಬಿಬ್ಬಾಗುತ್ತಾರೆ. ಅದಕ್ಕೇ ಈ ಕಥೆ ನಿಮಗೆ ಗೊತ್ತಿರಲಿ.

1998ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿದ್ದ ವಿಜ್ಞಾನಿ ಬ್ರೂಸ್ ಕೇನ್ 'ನೇಚರ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಮಾಮೂಲಿ ಚಿಪ್ ಮಾಡುವ ಅದೇ ಸಿಲಿಕಾನ್‌ನೊಳಗೆ ಒಂದೊಂದೇ ರಂಜಕದ ಪರಮಾಣು ಕೂರಿಸಿ, ಅದರ ನ್ಯೂಕ್ಲಿಯಸ್ಸಿನ ಸ್ಪಿನ್ ಎಂಬ ಗುಣದಿಂದಲೇ ಲೆಕ್ಕ ಮಾಡಿಸಬಹುದು ಎಂದರು. ಮಾಮೂಲಿ ಬಿಟ್ ಸೊನ್ನೆ, ಇಲ್ಲವೇ ಒಂದು. ಈ ಕ್ಯೂಬಿಟ್ ಎರಡರ ಬೆರಕೆಯಲ್ಲೂ ಇರಬಲ್ಲದು.

ಹೇಳುವುದು ಸುಲಭ. ಒಂದೇ ಒಂದು ಪರಮಾಣುವನ್ನು ಬೇಕಾದ ಜಾಗದಲ್ಲೇ ಕೂರಿಸುವುದು ಹೇಗೆ? ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದವರು ಪಟ್ಟು ಬಿಡಲಿಲ್ಲ. ಸಿಲಿಕಾನ್ ಮೇಲೆ ಹೈಡ್ರೋಜನ್ ಹೊದಿಸಿದರು. ಪರಮಾಣುವನ್ನೇ ಕಾಣಬಲ್ಲ ಸೂಕ್ಷ್ಮದರ್ಶಕದ ಸೂಜಿಮೊನೆಯಿಂದ ಬೇಕಾದ ಕಡೆ ಮಾತ್ರ ಹೈಡ್ರೋಜನ್ ಕಿತ್ತರು. ಅಲ್ಲಿ ರಂಜಕ ಇಳಿಸಿ, ಮೇಲೆ ಮತ್ತೆ ಸಿಲಿಕಾನ್ ಮುಚ್ಚಿದರು. ಹೀಗೆ ಮಿಶೆಲ್ ಸಿಮನ್ಸ್ ತಂಡದ ಒಂಟಿ ಪರಮಾಣುವಿನ ಟ್ರಾನ್ಸಿಸ್ಟರ್ ಹೊರಬಂದದ್ದು 2012ರಲ್ಲಿ. ಲೆಕ್ಕ ಹಾಕಿ, 14 ವರ್ಷ!

ಕಾಟ ಅಲ್ಲಿಗೇ ಮುಗಿಯಲಿಲ್ಲ. ನೈಸರ್ಗಿಕ ಸಿಲಿಕಾನ್‌ನಲ್ಲಿ ಶೇಕಡಾ 4.7ರಷ್ಟು ಸಿಲಿಕಾನ್-29 ಇರುತ್ತದೆ. ಅದರ ನ್ಯೂಕ್ಲಿಯಸ್ ಪುಟ್ಟ ಅಯಸ್ಕಾಂತದಂತೆ ಪಕ್ಕದ ಕ್ಯೂಬಿಟ್‌ನ ನೆನಪು ಕೆಡಿಸುತ್ತದೆ. ಅದನ್ನು ಸೋಸಿ ತೆಗೆದ ಸಿಲಿಕಾನ್-28 ಬಳಸಿದಾಗ, 2014ರಲ್ಲಿ ಆಂಡ್ರಿಯಾ ಮೊರೆಲ್ಲೊ ತಂಡದ ಕ್ಯೂಬಿಟ್ 30 ಸೆಕೆಂಡಿಗೂ ಹೆಚ್ಚು ಹೊತ್ತು ನೆನಪು ಹಿಡಿದುಕೊಂಡಿತು. 2022ರಲ್ಲಿ ಸಿಡ್ನಿ, ನೆದರ್ಲೆಂಡ್ಸಿನ ಡೆಲ್ಫ್ಟ್ ಮತ್ತು ಜಪಾನಿನ ರಿಕೆನ್ ತಂಡಗಳು ಎರಡು ಕ್ಯೂಬಿಟ್‌ಗಳ ಲೆಕ್ಕವನ್ನು ಶೇಕಡಾ 99ಕ್ಕೂ ಹೆಚ್ಚು ನಿಖರವಾಗಿ ಮಾಡಿ ತೋರಿಸಿದವು. ಆದರೂ ಲಕ್ಷಗಟ್ಟಲೆ ಕ್ಯೂಬಿಟ್‌ಗಳ ಯಂತ್ರ ಇನ್ನೂ ದೂರವಿದೆ.

ಈಗ ನಮ್ಮ ಮನೆಯ ಕಡೆ ನೋಡಿ. 2023ರಲ್ಲಿ ಕೇಂದ್ರ ಸರ್ಕಾರ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಕಂಪ್ಯೂಟಿಂಗ್ ಹೊಣೆ ಹೊತ್ತಿರುವುದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಸಂತೋಷ. ಆದರೆ ಮಿಷನ್ನಿನ ಅವಧಿ 8 ವರ್ಷ. ಸಿಡ್ನಿಯವರಿಗೆ ಒಂಟಿ ಪರಮಾಣುವಿನ ಟ್ರಾನ್ಸಿಸ್ಟರ್ ಕಟ್ಟಲು ಹಿಡಿದದ್ದೇ 14!

ಯಂತ್ರ ಯಾವಾಗ ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನೀವು ಬೇರೆ ಪ್ರಶ್ನೆ ಕೇಳಿ: ಒಂಬತ್ತನೇ ವರ್ಷ ಪ್ರಯೋಗಾಲಯದ ದೀಪ ಉರಿಯುತ್ತದೆಯೇ? ಆಗ ಅಲ್ಲಿ ಕೆಲಸ ಮಾಡುತ್ತಿರುವವರಲ್ಲಿ ನೀವೂ ಒಬ್ಬರಾಗಿರುತ್ತೀರಾ?