“ಟಾಪ್ 2% ವಿಜ್ಞಾನಿ, 40 ಸಾವಿರ ಸೈಟೇಷನ್”: ಟೆನ್ಷನ್ ಬಗ್ಗೆ ಇವರು ಹೇಳಿದ್ದೆಲ್ಲ ನಿಜವೇ?

ಈ ಬಗೆಯ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಕೋಟು ಹಾಕಿಕೊಂಡವರೊಬ್ಬರ ಫೋಟೋ, ಕೆಳಗೆ “ಜಗತ್ತಿನ ಟಾಪ್ 2% ವಿಜ್ಞಾನಿ, 400 ಸಂಶೋಧನಾ ಪ್ರಬಂಧ, 40 ಸಾವಿರ ಸೈಟೇಷನ್” ಎಂಬ ಪರಿಚಯ. ಆಮೇಲೆ ಟೆನ್ಷನ್ ಬಗ್ಗೆ ಉಪದೇಶ: ಕಾರ್ಟಿಸಾಲ್ ಇಳಿಯಬೇಕಾದರೆ ಬೆಳಗ್ಗೆ ಇಂಥದ್ದನ್ನು ಕುಡಿಯಿರಿ, ಸೆರೊಟೋನಿನ್ ಕಥೆಯೇ ಸುಳ್ಳು, ಖಿನ್ನತೆಯ ಮಾತ್ರೆ ಇವತ್ತೇ ಬಿಡಿ. ಇಷ್ಟು ದೊಡ್ಡ ಅಂಕಿಯ ಮುಂದೆ ನಾವು ಯಾವ ಲೆಕ್ಕ ಎಂದುಕೊಂಡು ಓದಿದವರು ಮುಂದಕ್ಕೆ ಕಳಿಸುತ್ತಾರೆ.

ಅಂಕಿ ಸುಳ್ಳೇ ಆಗಿರಬೇಕೆಂದಿಲ್ಲ. ಆದರೆ ಅದು ಅಳೆಯುವುದು ಏನನ್ನು?

ಒಬ್ಬ ವಿಜ್ಞಾನಿ ಬರೆದ ಪ್ರಬಂಧವನ್ನು ಇನ್ನೊಬ್ಬರು ತಮ್ಮ ಪ್ರಬಂಧದಲ್ಲಿ ಹೆಸರಿಸಿದರೆ ಅದು ಒಂದು ಸೈಟೇಷನ್, ಅಂದರೆ ಉಲ್ಲೇಖ. ಅಷ್ಟೇ. ಹೊಗಳಲು ಹೆಸರಿಸಿದರೂ ಒಂದು, ತಪ್ಪು ತೋರಿಸಲು ಹೆಸರಿಸಿದರೂ ಒಂದು. ಎಣಿಸುವ ಕಂಪ್ಯೂಟರಿಗೆ ಎರಡರ ನಡುವೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹಾಗಂತ ಉಲ್ಲೇಖಕ್ಕೆ ಬೆಲೆಯೇ ಇಲ್ಲ ಎಂದಲ್ಲ. ನಮ್ಮ ಬೆಂಗಳೂರಿನದೇ ಒಂದು ಉದಾಹರಣೆ ಇದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ, ಅಂದರೆ ಎನ್‌ಸಿಬಿಎಸ್‌ನಲ್ಲಿ, ಸುಮಂತ್ರ ಚಟರ್ಜಿ ಅವರ ತಂಡ 2002ರಲ್ಲಿ ಒಂದು ಪ್ರಬಂಧ ಪ್ರಕಟಿಸಿತು. ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಹಿಡಿದಿಟ್ಟರು. ಇಲಿಗೆ ಅದು ಭಾರೀ ಒತ್ತಡ. ದೀರ್ಘ ಒತ್ತಡದಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗದ ನರಕೋಶಗಳ ಕವಲುಗಳು ಕುಗ್ಗುತ್ತವೆ ಎಂಬುದನ್ನು ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಬ್ರೂಸ್ ಮೆಕ್‌ಯುವೆನ್ ಅವರ ಪ್ರಯೋಗಾಲಯ ಅದಕ್ಕೂ ಮೊದಲೇ ತೋರಿಸಿತ್ತು. ಬೆಂಗಳೂರಿನವರು ಜೊತೆಗೆ ಭಯಕ್ಕೆ ಸಂಬಂಧಿಸಿದ ಅಮಿಗ್ಡಲವನ್ನೂ ನೋಡಿದರು. ಅಲ್ಲಿ ಕಂಡದ್ದು ತದ್ವಿರುದ್ಧ: ಕವಲುಗಳು ಕುಗ್ಗುವ ಬದಲು ಇನ್ನಷ್ಟು ಹರಡಿಕೊಂಡಿದ್ದವು. ಅದೇ ಒತ್ತಡ, ಅದೇ ಮಿದುಳು, ಒಂದು ಕಡೆ ಗಿಡ ಬಾಡಿದರೆ ಇನ್ನೊಂದು ಕಡೆ ಚಿಗುರಿದೆ. ಒತ್ತಡದಲ್ಲಿದ್ದಾಗ ಮರೆವು ಹೆಚ್ಚುವುದು, ಆತಂಕವೂ ಹೆಚ್ಚುವುದು ಏಕೆ ಎಂದು ಹುಡುಕುತ್ತಿದ್ದವರಿಗೆ ಇದೊಂದು ಹೊಸ ಸುಳಿವಾಯಿತು. ಆ ಪ್ರಬಂಧವನ್ನು ಮುಂದೆ ಸಾವಿರಕ್ಕೂ ಹೆಚ್ಚು ಬಾರಿ ಬೇರೆಯವರು ಉಲ್ಲೇಖಿಸಿದ್ದಾರೆ. ಉಲ್ಲೇಖ ತನ್ನ ಕೆಲಸವನ್ನು ಸರಿಯಾಗಿ ಮಾಡಿದ ಪ್ರಸಂಗ ಇದು. ಆದರೆ ಇಲ್ಲೂ ಒಂದು ಮಾತು ನೆನಪಿಡಬೇಕು: ಅವು ಇಲಿಗಳು. “ಟೆನ್ಷನ್ ಮಾಡಿಕೊಂಡರೆ ನಿಮ್ಮ ಮಿದುಳು ಕರಗುತ್ತದೆ ಎಂದು ಸಾಬೀತಾಗಿದೆ” ಎನ್ನುವ ಫಾರ್ವರ್ಡಿಗೆ ಈ ಪ್ರಬಂಧ ಸಾಕ್ಷಿ ಹೇಳುವುದಿಲ್ಲ.

ಇನ್ನೊಂದು ಉದಾಹರಣೆ ಸ್ವಲ್ಪ ತಮಾಷೆಯದು. ವಿಜ್ಞಾನದ ಇತಿಹಾಸದಲ್ಲೇ ಅತಿ ಹೆಚ್ಚು ಉಲ್ಲೇಖ ಪಡೆದ ಪ್ರಬಂಧ 1951ರದ್ದು, ಮಿದುಳಿನ ರಸಾಯನವಿಜ್ಞಾನದಲ್ಲಿ ಪಳಗಿದ್ದ ಅಮೆರಿಕದ ಆಲಿವರ್ ಲೌರಿ ಮತ್ತು ಸಂಗಡಿಗರದು. 2014ರ ಲೆಕ್ಕದಲ್ಲಿ ಅದಕ್ಕೆ 3 ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿದ್ದವು. ಅದರಲ್ಲಿ ಮಿದುಳಿನ ಯಾವ ರಹಸ್ಯವೂ ಇಲ್ಲ. ದ್ರಾವಣವೊಂದರಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನ ಇದೆ. ಅಳೆದವರೆಲ್ಲ ಹೆಸರಿಸಿದರು, ಲೆಕ್ಕ ಏರಿತು. ಅದೇನೂ ಮಹಾನ್ ಪ್ರಬಂಧವಲ್ಲ ಎಂದು ಲೌರಿ ಅವರೇ ಒಪ್ಪಿಕೊಂಡಿದ್ದರು.

ಎಚ್-ಇಂಡೆಕ್ಸ್, ಟಾಪ್ 2% ಅಂದರೆ?

ಬರೀ ಒಟ್ಟು ಸಂಖ್ಯೆ ನೋಡಿದರೆ ಮೋಸ ಹೋಗುತ್ತೇವೆ ಎಂದು 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಎಚ್-ಇಂಡೆಕ್ಸ್ ಎಂಬ ಅಳತೆ ಸೂಚಿಸಿದರು. ಒಬ್ಬರ ಎಚ್-ಇಂಡೆಕ್ಸ್ 30 ಎಂದರೆ, ಅವರ 30 ಪ್ರಬಂಧಗಳು ತಲಾ ಕನಿಷ್ಠ 30 ಉಲ್ಲೇಖ ಪಡೆದಿವೆ ಎಂದರ್ಥ. ಒಂದೇ ಪ್ರಬಂಧದ ಬಲದಿಂದ ಮೇಲೇರಲು ಆಗುವುದಿಲ್ಲ, ಅದು ಇದರ ಗುಣ. ಆದರೆ ವಯಸ್ಸಾದಂತೆ ಇದು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಸಾವಿರಾರು ಜನ ಕೆಲಸ ಮಾಡುವ ವಿಷಯದಲ್ಲಿ ಬೇಗ ಏರುತ್ತದೆ, ಬೆರಳೆಣಿಕೆಯ ಜನ ಇರುವ ವಿಷಯದಲ್ಲಿ ನಿಧಾನ. ತಮ್ಮ ಹಳೆಯ ಪ್ರಬಂಧವನ್ನು ತಾವೇ ಹೆಸರಿಸಿಕೊಂಡರೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಇನ್ನು “ಟಾಪ್ 2%”. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಇಯೊನಿಡಿಸ್ ಮತ್ತು ಸಂಗಡಿಗರು 2019ರಿಂದ ಪ್ರಕಟಿಸುತ್ತಿರುವ ಪಟ್ಟಿ ಇದು. ಸ್ಕೋಪಸ್ ಎಂಬ ದತ್ತಾಂಶ ಕೋಶದಲ್ಲಿರುವ ಉಲ್ಲೇಖಗಳಿಂದ ಕಂಪ್ಯೂಟರ್ ಇದನ್ನು ತಯಾರಿಸುತ್ತದೆ. ಅರ್ಜಿ ಇಲ್ಲ, ಆಯ್ಕೆ ಸಮಿತಿ ಇಲ್ಲ, ಸಮಾರಂಭವೂ ಇಲ್ಲ. ಪಟ್ಟಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಸರುಗಳಿರುತ್ತವೆ. ಹೊಸ ಪಟ್ಟಿ ಬಂದಾಗಲೆಲ್ಲ “ಸ್ಟ್ಯಾನ್‌ಫರ್ಡ್ ಗೌರವ” ಎಂದು ಪತ್ರಿಕೆಗಳಲ್ಲಿ ಬರುವುದನ್ನು ನೋಡಿರುತ್ತೀರಿ. ಅದರಲ್ಲಿ ಹೆಸರು ಬರುವುದು ಸಣ್ಣ ಮಾತಲ್ಲ, ನಿಜ. ಆದರೆ ಅದು ಪ್ರಶಸ್ತಿಯೂ ಅಲ್ಲ, ಆ ವಿಜ್ಞಾನಿಯ ಪ್ರತಿ ಮಾತಿಗೂ ಒತ್ತಿದ ಮುದ್ರೆಯೂ ಅಲ್ಲ. ತಮ್ಮನ್ನು ತಾವೇ ಉಲ್ಲೇಖಿಸಿದ್ದನ್ನು ಕಳೆದರೆ ಸ್ಥಾನ ಎಷ್ಟಾಗುತ್ತದೆ ಎಂಬುದು ಅದೇ ಪಟ್ಟಿಯಲ್ಲಿದೆ. ಹಿಂಪಡೆಯಲಾದ ಪ್ರಬಂಧಗಳ ವಿವರವನ್ನೂ 2024ರಿಂದ ಸೇರಿಸಿದ್ದಾರೆ. ಫಾರ್ವರ್ಡ್ ಮಾಡುವವರು ಆ ಕಾಲಂಗಳನ್ನು ಕಳಿಸುವುದಿಲ್ಲ.

ಸಾವಿರಾರು ಉಲ್ಲೇಖ, ಆದರೂ ನಿಲ್ಲಲಿಲ್ಲ

2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ನೋಡಿ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಹುಟ್ಟಿದ 847 ಜನರನ್ನು 26ನೇ ವಯಸ್ಸಿನವರೆಗೆ ಹಿಂಬಾಲಿಸಿ ಮಾಡಿದ್ದು. ಸೆರೊಟೋನಿನ್ನನ್ನು ನರಕೋಶದೊಳಕ್ಕೆ ಸಾಗಿಸುವ ಒಂದು ಜೀನ್ ಇದೆ. ಅದರ ಗಿಡ್ಡ ರೂಪ ಇರುವವರು ಬದುಕಿನ ಆಘಾತಗಳಿಗೆ ಸಿಕ್ಕಾಗ ಖಿನ್ನತೆಗೆ ಬೀಳುವ ಸಾಧ್ಯತೆ ಹೆಚ್ಚು ಎಂದು ಅದು ಹೇಳಿತು. ಒತ್ತಡ, ಜೀನ್, ಮಿದುಳಿನ ರಸಾಯನ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ ಕಥೆ. ಯಾರಿಗೆ ಇಷ್ಟವಾಗುವುದಿಲ್ಲ? ಉಲ್ಲೇಖಗಳು ಸಾವಿರಾರು ಬಂದವು, ಪಠ್ಯಪುಸ್ತಕ ಸೇರಿತು, ಅದೇ ದಾರಿಯಲ್ಲಿ ನೂರಾರು ಸಂಶೋಧನೆಗಳು ನಡೆದವು.

2009ರಲ್ಲಿ 14 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಆ ಸಂಬಂಧ ಕಾಣಲಿಲ್ಲ. ವಾದ ಮುಂದುವರಿಯಿತು. 2019ರಲ್ಲಿ ಇನ್ನೊಂದು ತಂಡ, ಖಿನ್ನತೆಗೆ ಕಾರಣವೆಂದು ಹೆಸರಾಗಿದ್ದ 18 ಜೀನ್‌ಗಳನ್ನು 62 ಸಾವಿರದಿಂದ 4.43 ಲಕ್ಷ ಜನರವರೆಗಿನ ಮಾಹಿತಿಯಲ್ಲಿ ಪರೀಕ್ಷಿಸಿತು. ಸೆರೊಟೋನಿನ್ ಜೀನ್ ಕೂಡ ಅದರಲ್ಲಿತ್ತು. ಗಟ್ಟಿ ಆಧಾರ ಯಾವುದಕ್ಕೂ ಸಿಗಲಿಲ್ಲ. ಇಲ್ಲಿ ಯಾರೂ ಮೋಸ ಮಾಡಿರಲಿಲ್ಲ. 847 ಜನರ ಸಂಖ್ಯೆ ಆ ಪ್ರಶ್ನೆಗೆ ತೀರಾ ಚಿಕ್ಕದಾಗಿತ್ತು. ಆದರೆ 2003ರ ಪ್ರಬಂಧಕ್ಕೆ ಸಿಕ್ಕ ಉಲ್ಲೇಖಗಳಲ್ಲಿ ಒಂದೂ ಕಡಿಮೆಯಾಗಲಿಲ್ಲ. ಅದನ್ನು ಪ್ರಶ್ನಿಸಿದವರೂ ಹೆಸರಿಸಲೇಬೇಕಾದ್ದರಿಂದ ಇನ್ನಷ್ಟು ಹೆಚ್ಚಿದವು.

ಮೋಸದ ಅನುಮಾನವೇ ಎದ್ದ ಪ್ರಸಂಗವೂ ಇದೆ. ಲಂಡನ್ನಿನ ಹ್ಯಾನ್ಸ್ ಐಸೆಂಕ್ 1997ರಲ್ಲಿ ತೀರಿಕೊಂಡಾಗ ಜಗತ್ತಿನ ಅತಿ ಹೆಚ್ಚು ಉಲ್ಲೇಖಿತ ಮನೋವಿಜ್ಞಾನಿಗಳಲ್ಲಿ ಒಬ್ಬರು. ಒತ್ತಡವನ್ನು ಎದುರಿಸುವ ಸ್ವಭಾವಕ್ಕೂ ಕ್ಯಾನ್ಸರಿಗೂ ನೇರ ಸಂಬಂಧವಿದೆ ಎಂದು ಸಹಲೇಖಕರೊಬ್ಬರ ಜೊತೆ ಅವರು ಬರೆದಿದ್ದರು. ಅಂಕಿಅಂಶ ನಂಬಲಾಗದಷ್ಟು ಚೆನ್ನಾಗಿತ್ತು. 2019ರಲ್ಲಿ ಕಿಂಗ್ಸ್ ಕಾಲೇಜ್ ಲಂಡನ್ ನಡೆಸಿದ ವಿಚಾರಣೆ, ಇಬ್ಬರೂ ಸೇರಿ ಬರೆದ 26 ಪ್ರಬಂಧಗಳು ಭರವಸೆಗೆ ಅರ್ಹವಲ್ಲ ಎಂದಿತು. ಹತ್ತಕ್ಕೂ ಹೆಚ್ಚನ್ನು ಪತ್ರಿಕೆಗಳು ಹಿಂಪಡೆದವು. “ಮನಸ್ಸಲ್ಲಿ ದುಃಖ ಇಟ್ಟುಕೊಂಡಿದ್ದಕ್ಕೇ ಅವರಿಗೆ ಕ್ಯಾನ್ಸರ್ ಬಂತು” ಎಂದು ರೋಗಿಯ ಮೇಲೆಯೇ ತಪ್ಪು ಹೊರಿಸುವ ಮಾತನ್ನು ನಮ್ಮ ಮನೆಗಳಲ್ಲಿ ಇವತ್ತಿಗೂ ಕೇಳುತ್ತೇವೆ. ಅದಕ್ಕೆ ವಿಜ್ಞಾನದ ವೇಷ ತೊಡಿಸಿದ್ದು ಇಂಥ ಪ್ರಬಂಧಗಳು.

ಮಾತ್ರೆ ಬಿಡಿ ಎನ್ನುವ ಮೆಸೇಜ್

ಕೊನೆಗೆ, ಇವುಗಳಲ್ಲಿ ಜೀವಕ್ಕೆ ತಟ್ಟುವ ಫಾರ್ವರ್ಡ್. 2022ರ ಜುಲೈನಲ್ಲಿ ಜೊಆನಾ ಮಾನ್‌ಕ್ರಿಫ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಖಿನ್ನತೆ ಬರುವುದು ಸೆರೊಟೋನಿನ್ ಕಡಿಮೆಯಾಗಿ ಎಂಬುದಕ್ಕೆ ಸುಸಂಗತ ಪುರಾವೆ ಇಲ್ಲ ಎಂದು ಬರೆದರು. ಪ್ರಬಂಧ ಜಗತ್ತಿನೆಲ್ಲೆಡೆ ಹರಿದಾಡಿತು. ಮೊಬೈಲಿಗೆ ಬರುವಷ್ಟರಲ್ಲಿ ಅದು “ಖಿನ್ನತೆಯ ಮಾತ್ರೆ ಕೆಲಸ ಮಾಡುವುದಿಲ್ಲ ಎಂದು ಸಾಬೀತು” ಎಂದಾಗಿತ್ತು.

ಆ ಪ್ರಬಂಧ ಪರಿಶೀಲಿಸಿದ್ದು ಖಿನ್ನತೆಯ ಕಾರಣದ ಬಗೆಗಿನ ಒಂದು ಸಿದ್ಧಾಂತವನ್ನು. ಮಾತ್ರೆ ನುಂಗಿದವರಿಗೆ ವಾಸಿಯಾಯಿತೇ ಎಂಬುದನ್ನಲ್ಲ. ಅದನ್ನು ನೋಡಿದ ಅಧ್ಯಯನ ಬೇರೆಯೇ ಇದೆ: 2018ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದದ್ದು, 522 ಪ್ರಯೋಗಗಳು, 1,16,477 ಜನ, 21 ಔಷಧಗಳು. ತೀವ್ರ ಖಿನ್ನತೆಯ ವಯಸ್ಕರಲ್ಲಿ ಎಲ್ಲ 21 ಔಷಧಗಳೂ ಹುಸಿ ಮಾತ್ರೆಗಿಂತ ಹೆಚ್ಚು ಕೆಲಸ ಮಾಡಿದವು. ಆದರೆ ಹೆಚ್ಚಿನವುಗಳಲ್ಲಿ ಆ ವ್ಯತ್ಯಾಸ ಸಾಧಾರಣದ್ದು, ಪವಾಡವೇನಲ್ಲ. ಹೇಗೆ ಕೆಲಸ ಮಾಡುತ್ತದೆ ಎಂದು ಪೂರ್ತಿ ತಿಳಿಯದೆಯೂ ಔಷಧ ಕೆಲಸ ಮಾಡಬಹುದು. ಪ್ಯಾರಾಸಿಟಮಾಲ್ ತೆಗೆದುಕೊಂಡರೆ ಜ್ವರ ಇಳಿಯುತ್ತದೆ, ಜ್ವರ ಬಂದದ್ದು ಪ್ಯಾರಾಸಿಟಮಾಲ್ ಕೊರತೆಯಿಂದಲ್ಲ.

ಈ ಮಾತ್ರೆಗಳನ್ನು ಮೆಸೇಜ್ ಓದಿ ತಟ್ಟನೆ ಬಿಟ್ಟರೆ ಹಲವರಿಗೆ ತಲೆಸುತ್ತು, ನಿದ್ದೆಗೇಡು, ಸಿಡಿಮಿಡಿ, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಆಗುತ್ತದೆ. ಬಿಟ್ಟ ಕಾಯಿಲೆ ಮರಳಿ ಬರಲೂಬಹುದು. ಅದಕ್ಕೇ ವೈದ್ಯರು ಡೋಸ್ ಅನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ. ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಫಾರ್ವರ್ಡ್ ನೋಡಿ ಈಗಾಗಲೇ ಮಾತ್ರೆ ನಿಲ್ಲಿಸಿದ್ದರೆ, ಬರೆದುಕೊಟ್ಟ ವೈದ್ಯರಿಗೆ ಇವತ್ತೇ ಫೋನ್ ಮಾಡಿಸಿ. ಅವರು ಸಿಗದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.