ಮಾಲೆ ತೆಗೆದ ಮೇಲೆ ಬೀಡಿ ಯಾಕೆ?

ಕಾರ್ತಿಕ ಮಾಸ ಬಂತೆಂದರೆ ಮೈಸೂರು ಜಿಲ್ಲೆಯ ಬಸ್ ಸ್ಟ್ಯಾಂಡುಗಳಲ್ಲಿ ವರ್ಷವರ್ಷವೂ ಒಂದು ಪವಾಡ ನಡೆಯುತ್ತದೆ. ದಿನಕ್ಕೆ ಎರಡು ಕಟ್ಟು ಬೀಡಿ ಸುಡುತ್ತಿದ್ದ ಆಸಾಮಿ ಒಂದು ಬೆಳಿಗ್ಗೆ ತಣ್ಣೀರು ಮಿಂದು, ಕಪ್ಪು ಪಂಚೆ ಉಟ್ಟು, ಕೊರಳಿಗೆ ಮಾಲೆ ಹಾಕಿ 'ಸ್ವಾಮಿ' ಆಗಿಬಿಡುತ್ತಾನೆ. ಅವತ್ತಿನಿಂದ ಬೀಡಿ ಬಂದ್. ಮಾತ್ರೆಯಿಲ್ಲ, ಗಮ್ಮಿಲ್ಲ, ಡಾಕ್ಟರ ಚೀಟಿಯಿಲ್ಲ. ವ್ರತ ಪೂರ್ತಿ ಹಿಡಿದವರಾದರೆ 41 ದಿನ ಒಂದು ದಂ ಕೂಡ ಎಳೆಯುವುದಿಲ್ಲ. ಶಬರಿಮಲೆಯಿಂದ ವಾಪಸು ಬಂದು ಮಾಲೆ ತೆಗೆದ ಮಾರನೆ ದಿನ ಏನಾಗುತ್ತದೆ? ಅದೇ ಪೆಟ್ಟಿಗೆ ಅಂಗಡಿ, ಅದೇ ನೇತುಹಾಕಿದ ಲೈಟರು, ಅದೇ ಆಸಾಮಿ.

ಇದನ್ನು ಕಂಡು ನಗುವವರೇ ಹೆಚ್ಚು. "ಅವನ ಕೈಲಿ ಎಲ್ಲಿ ಆಗುತ್ತೆ ಬಿಡ್ರೀ" ಅನ್ನುತ್ತಾರೆ. ಆಗಿಹೋಗಿದೆಯಲ್ಲ! ಅತಿ ಕಷ್ಟದ ಭಾಗವನ್ನು ಆತ ದಾಟಿ ಬಂದಿದ್ದಾನೆ, ಅದು ಅವನಿಗೂ ಗೊತ್ತಿಲ್ಲ, ನಗುವವರಿಗೂ ಗೊತ್ತಿಲ್ಲ.

ಹೊಗೆಸೊಪ್ಪಿನ ನಿಕೋಟಿನ್ ರಕ್ತದಲ್ಲಿ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ಎದ್ದ ಕೂಡಲೇ ಕೈ ಬೆಂಕಿಪೊಟ್ಟಣ ಹುಡುಕುವುದು. ಒಂದೇ ಏಟಿಗೆ ಬಿಟ್ಟವನಿಗೆ ಕೆಲವೇ ಗಂಟೆಗಳಲ್ಲಿ ಚಡಪಡಿಕೆ ಶುರು. ಎರಡನೆ, ಮೂರನೆ ದಿನ ಅದು ನೆತ್ತಿಗೇರುತ್ತದೆ: ಸಿಡುಕು, ತಲೆನೋವು, ನಿದ್ದೆಗೇಡು, ಹೊಟ್ಟೆಬಾಕತನ, ಮಲಬದ್ಧತೆ. ಅಂಗಡಿಯಲ್ಲಿ ಚಿಲ್ಲರೆಗೆ ಜಗಳ, ಮನೆಯಲ್ಲಿ ಉಪ್ಪಿಗೆ ಜಗಳ. ಎರಡರಿಂದ ನಾಲ್ಕು ವಾರದಲ್ಲಿ ಇದೆಲ್ಲ ಬಹುಮಟ್ಟಿಗೆ ತಣ್ಣಗಾಗುತ್ತದೆ. ಮಂಡಲದ 41 ದಿನ ಆರು ವಾರದ ಹತ್ತಿರ. ಅಂದ ಮೇಲೆ ಮಾಲೆ ತೆಗೆದವನು ಹಚ್ಚುವ ಮೊದಲ ಬೀಡಿಯನ್ನು ಅವನ ಮೈ ಕೇಳಿರುವುದಿಲ್ಲ. ಟೀ ಗ್ಲಾಸು ಕೇಳುತ್ತದೆ, ತಡವಾದ ಬಸ್ಸು ಕೇಳುತ್ತದೆ, ಪಕ್ಕದಲ್ಲಿ ನಿಂತ ಗೆಣೆಕಾರ "ಒಂದೇ ಒಂದು ಹೊಡಿ ಮಾರಾಯ" ಅನ್ನುತ್ತಾನೆ. ಆ ಒಂದು ಒಂದಕ್ಕೇ ನಿಂತ ಉದಾಹರಣೆ ಅಪರೂಪ.

ವ್ರತದ ದಿನಗಳಲ್ಲಿ ಇದೇ ಗೆಣೆಕಾರ ಬೀಡಿ ಚಾಚಿದ್ದನೇ? ಇಲ್ಲ. ಸ್ವಾಮಿ ಎದುರು ಬಂದರೆ ತನ್ನದನ್ನೂ ಮುಚ್ಚಿಡುತ್ತಿದ್ದ. ಹೆಂಡತಿ ಬೇರೆ ಅಡುಗೆ ಮಾಡಿ ಹಾಕಿದಳು, ಸಿಡುಕನ್ನೂ ನುಂಗಿಕೊಂಡಳು. ಅಂಗಡಿಯವನು "ಏನ್ ಸ್ವಾಮಿ" ಎಂದು ಕೈಮುಗಿದ. ಊರೆಲ್ಲ ಸೇರಿ ಒಬ್ಬನನ್ನು ಕಾದಿತು. ಮಾಲೆ ಬಿಚ್ಚಿದ ಗಳಿಗೆಯಿಂದ ಆ ಕಾವಲೂ ಬಿಚ್ಚಿಹೋಗುತ್ತದೆ.

ಒಮ್ಮೆಗೇ ಬಿಡುವುದು ಒಳ್ಳೆಯದೋ, ದಿನಕ್ಕೊಂದೊಂದು ಇಳಿಸುತ್ತ ಬರುವುದು ಒಳ್ಳೆಯದೋ ಎಂಬ ವಾದ ಕಟ್ಟೆಗಳಲ್ಲಿ ಮುಗಿಯುವುದಿಲ್ಲ. 2016ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ ಸುಮಾರು 700 ಮಂದಿಯನ್ನು ಎರಡು ಗುಂಪು ಮಾಡಿ ನೋಡಿದರು. ನಾಲ್ಕು ವಾರದ ಹೊತ್ತಿಗೆ, ಗೊತ್ತಾದ ದಿನಕ್ಕೆ ಕಡಿದು ಹಾಕಿದವರಲ್ಲಿ ನೂರಕ್ಕೆ 49 ಮಂದಿ ನಿಂತಿದ್ದರು. ಎರಡು ವಾರ ಇಳಿಸುತ್ತ ಬಂದು ಬಿಟ್ಟವರಲ್ಲಿ 39. ಆದರೆ ಕಟ್ಟೆ ಪಂಡಿತರು ಹೇಳದೆ ಬಿಡುವ ಮಾತೊಂದಿದೆ. ಆ ಎರಡೂ ಗುಂಪಿಗೆ ನಿಕೋಟಿನ್ ಪಟ್ಟಿ, ಗಮ್ಮು ಇತ್ಯಾದಿ ಕೊಟ್ಟಿದ್ದರು, ಧೈರ್ಯ ಹೇಳಲು ನರ್ಸುಗಳೂ ಇದ್ದರು. ಯಾವ ಆಸರೆಯೂ ಇಲ್ಲದೆ ಬಿಡಲು ಹೊರಟವರಲ್ಲಿ ಒಂದು ಪ್ರಯತ್ನಕ್ಕೆ ಆರು ತಿಂಗಳು, ವರ್ಷ ನಿಲ್ಲುವವರು ನೂರಕ್ಕೆ ಮೂರರಿಂದ ಐದು. ಉಳಿದ 95 ಮಂದಿ ಕೈಲಾಗದವರೇ? ಹಾಗೇನಿಲ್ಲ. ಇವತ್ತು ಬೀಡಿ ಮುಟ್ಟದೆ ಇರುವ ಹಳೆ ಸೇದುಗರಲ್ಲಿ ಬಹಳ ಮಂದಿ ನಾಲ್ಕಾರು ಸಲ ಬಿಟ್ಟು, ಹಿಡಿದು, ಮತ್ತೆ ಬಿಟ್ಟವರೇ. ಬಿದ್ದವನನ್ನು ಹಂಗಿಸುವುದರಿಂದ ಅಂಗಡಿಗೆ ಒಬ್ಬ ಗಿರಾಕಿ ಗಟ್ಟಿಯಾಗುತ್ತಾನೆ, ಅಷ್ಟೆ.

ಕಾಫಿ ಪ್ರಿಯರ ಈ ಸೀಮೆಯಲ್ಲಿ ಒಂದು ಸಂಗತಿ ಹೇಳಲೇಬೇಕು. ಹೊಗೆ ಸೇದುವವರ ಮೈ ಕಾಫಿಯ ಕೆಫೀನನ್ನು ಬೇಗ ಕರಗಿಸುತ್ತದೆ. ಸೇದುವುದು ನಿಂತರೆ ಆ ವೇಗವೂ ಇಳಿಯುತ್ತದೆ. ಎಂದಿನಷ್ಟೇ ಕುಡಿದರೂ ರಕ್ತದಲ್ಲಿ ಹತ್ತಿರಹತ್ತಿರ ಎರಡರಷ್ಟು ಕೆಫೀನು. ಕೈನಡುಕ, ಎದೆಬಡಿತ, ರಾತ್ರಿಯಿಡೀ ಹೊರಳಾಟ. "ಬೀಡಿ ಬಿಟ್ಟಿದ್ದಕ್ಕೇ ಹೀಗಾಯ್ತು" ಎಂದು ಆಸಾಮಿ ಮತ್ತೆ ಹಚ್ಚುತ್ತಾನೆ. ಐದು ಲೋಟ ಕುಡಿಯುವವರು ಎರಡಕ್ಕೆ ಇಳಿಸಿ ನೋಡಲಿ.

ಬೀಡಿ ಸಿಗರೇಟು ಏಕದಂ ಬಿಟ್ಟರೆ ಪ್ರಾಣಕ್ಕೆ ಅಪಾಯವಿಲ್ಲ. ಹೆಂಡದ ಮಾತು ಬೇರೆ. ದಿನಾ ವಿಪರೀತ ಕುಡಿಯುವವರು ಮಾಲೆ ಹಾಕಿದ ದಿನವೇ ಎರಡನ್ನೂ ಒಟ್ಟಿಗೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು. ಅಂಥವರು ಮೊದಲು ಡಾಕ್ಟರನ್ನು ಕಾಣಬೇಕು. ಮನೋರೋಗಕ್ಕೆ ಮಾತ್ರೆ ತೆಗೆದುಕೊಳ್ಳುವವರೂ ಅಷ್ಟೆ, ಬೀಡಿ ಬಿಡುವ ಸಂಗತಿಯನ್ನು ಡಾಕ್ಟರ ಕಿವಿಗೆ ಹಾಕಬೇಕು. ಕೆಲವು ಮಾತ್ರೆಗಳ ಪ್ರಮಾಣ ಬದಲಿಸಬೇಕಾಗುತ್ತದೆ.

ಹುಣಸೂರು, ಪಿರಿಯಾಪಟ್ಟಣದ ಹೊಲದಲ್ಲಿ ಹೊಗೆಸೊಪ್ಪು ಬೆಳೆದು ಹರಾಜಿಗೆ ಹಾಕುವ ಜಿಲ್ಲೆಯಿದು. ಇಲ್ಲಿ ತಂಬಾಕಿನ ವಿರುದ್ಧ ಭಾಷಣ ಬಿಗಿಯುವುದು ಸುಲಭವಲ್ಲ, ಅಂಗಡಿಯವರ ಹೊಟ್ಟೆಪಾಡೂ ಇದೆ. ಆದರೆ ಮಾಲೆ ಹಾಕಿದ ಸ್ವಾಮಿಗೆ ಬೀಡಿ ಕೊಡಲು ಹಿಂಜರಿಯುವ ಅಂಗಡಿಯವರು ಮಾಲೆ ತೆಗೆದವನಿಗೂ ಒಂದು ತಿಂಗಳು ಹಾಗೇ ಹಿಂಜರಿದರೆ ಮುಳುಗಿಹೋಗುವುದೇನು? ಬಾಳೆಗೊನೆ ಅಲ್ಲೇ ನೇತಾಡುತ್ತಿರುತ್ತದೆ, ಕಡಲೆ ಮಿಠಾಯಿ ಡಬ್ಬಿ ಅಲ್ಲೇ ಇರುತ್ತದೆ.

ಇನ್ನು ಕಾನೂನು. 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಪಡೆದ ರಾಜ್ಯದ ತಿದ್ದುಪಡಿ ಕಾಯ್ದೆಯ ಪ್ರಕಾರ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಒಂದೊಂದೇ ಬಿಡಿಯಾಗಿ ಮಾರುವಂತೆಯೂ ಇಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದಿದವರಿಗೆ ದಂಡ 200ರಿಂದ 1000 ರೂಪಾಯಿಗೆ ಏರಿದೆ. ಬಸ್ ಸ್ಟ್ಯಾಂಡಿನ ಸುತ್ತ ಒಂದೊಂದೇ ಮಾರುವುದು ನಿಂತಿದೆಯೇ ಎಂಬುದನ್ನು ದಿನವೂ ಬಸ್ಸಿಗೆ ಕಾಯುವವರೇ ಹೇಳಲಿ. ಬಿಡಬೇಕೆನ್ನುವವರಿಗೆ ಸಲಹೆ ಕೊಡಲು ಸರ್ಕಾರದ್ದೇ ಪುಕ್ಕಟೆ ಫೋನ್ ಇದೆ: 1800-11-2356. 2018ರಿಂದ ಈ ನಂಬರನ್ನು ಸಿಗರೇಟು, ಬೀಡಿ ಪ್ಯಾಕಿನ ಮೇಲೇ ಅಚ್ಚು ಹಾಕುತ್ತಿದ್ದಾರೆ. ಪ್ಯಾಕು ಒಡೆದು ಒಂದೊಂದೇ ಕೊಟ್ಟರೆ ಅದು ಅಂಗಡಿಯವರ ಡಬ್ಬಿಯಲ್ಲೇ ಉಳಿಯುತ್ತದೆ, ಗಿರಾಕಿಯ ಕಣ್ಣಿಗೆ ಬೀಳುವುದೇ ಇಲ್ಲ.